ಎಲೆಯ ಬೆನ್ನು

ಆಫೀಸಿನಲ್ಲಿ ಅವಳಿಗೆ ಬೆಂಚಮ್ಮ ಎಂದೇ ಹೆಸರು. ಉದ್ಯಾನ, ಬಡಾವಣೆಗಳನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸುವವರಿಗೆ ಬೇಕಾದ ಸಿದ್ಧ ಮಾದರಿಗಳನ್ನು ತಯಾರಿಸುವ ಆಫೀಸು ಅದು. ಸೇರಿದಾಗಿನಿಂದ ಅವಳು ಮಾಡಿದ್ದೆಲ್ಲ ಕಲ್ಲುಬೆಂಚು, ಕಸದ ಬುಟ್ಟಿ, ದೀಪದ ಕಂಬ. ಹಟ ಹಿಡಿದು ಗಿಡಮರದ ವಿಭಾಗಕ್ಕೆ ಹಾರಿದ ಮೇಲೆ ಮಾಡಿದ ಮೊದಲ ಮರವೇ ಎರಡು ಸಲ ವಾಪಸಾಗಿತ್ತು.

ವಾಪಸು ಮಾಡಿದವರು ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಎಲ್ಲರ ಕೆಲಸಕ್ಕೂ ಕೆಂಪು ಗೆರೆ ಎಳೆದು ಸಂಪಾದಿಸಿದ ಬಿರುದು. ಮರದ ಬುಡ ನೆಲಕ್ಕೆ ಕೂತಿರಬೇಕು, ಕೂದಲೆಳೆಯಷ್ಟೂ ತೇಲಬಾರದು. ಸಾವಿರ ಸಲ ನೆಟ್ಟರೂ ಕಂಪ್ಯೂಟರು ಏದುಸಿರು ಬಿಡಬಾರದು. ಇದರಲ್ಲೆಲ್ಲ ಅವಳ ಮರ ಪಾಸು. ಪರದೆಯ ಮರಕ್ಕೆ ಗಾಳಿ ಬೀಸಿಸುವ ಗುಂಡಿ ಒತ್ತಿದಾಗ ಮಾತ್ರ ಅವರು ಮೂಗು ಮುರಿದಿದ್ದರು.

ಆ ಮುರಿದ ಮೂಗನ್ನು ಅವಳು ಮನೆಗೆ ಬಂದು ಅತ್ತೆಗೆ ಯಥಾವತ್ತಾಗಿ ಅಭಿನಯಿಸಿ ತೋರಿಸಿದಳು. ಕನ್ನಡಕ ತುದಿಗೆ ಜಾರಿತು, ದನಿ ಮೂಗಿಗೇರಿತು: "ಮರವೇನೋ ಇದೆಯಮ್ಮಾ, ಜೀವ ಇಲ್ಲ. ಇನ್ನೊಂದೇ ಒಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬೆಂಚು ಇದ್ದೇ ಇದೆಯಲ್ಲ."

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆ ನಗದಿದ್ದುದನ್ನು ಕಂಡು, ಸೆರಗಿನಿಂದ ಬಾಯಿ ಒರೆಸಿಕೊಂಡರು.

ರಜೆಯ ದಿನ ಬೆಳಿಗ್ಗೆ ಅವಳು ಬೀದಿಯಲ್ಲಿ ಅದೇ ಜಾತಿಯ ಮರವೊಂದರ ಎಲೆಗಳನ್ನು ಆರಿಸಿ ತಂದಳು. ಬಣ್ಣ ಸಾಲದೇನೋ, ಮತ್ತೆ ಸ್ಕ್ಯಾನ್ ಮಾಡಿದರಾಯಿತೆಂದು. ಅಷ್ಟರಲ್ಲಿ ಬಟ್ಟೆ ಒಗೆಯುವ ಮೆಷೀನು ಕೂಗಿಕೊಂಡಿತು. ಗಾಜಿನ ಮೇಲೆ ಎಲೆ ಜೋಡಿಸಿ ಗುಂಡಿ ಒತ್ತಲು ಅತ್ತೆಗೆ ಹೇಳಿ ಓಡಿದಳು. ಸ್ಕ್ಯಾನರಿನ ಕಣ್ಣು ಗಾಜಿನ ಕೆಳಗಿರುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅತ್ತೆ ಎಲೆಗಳನ್ನೆಲ್ಲ ಹೊಳೆಯುವ ಮುಖ ಮೇಲಾಗಿ, ಫೋಟೋ ತೆಗೆಸಲು ಕೂರಿಸಿದ ಮಕ್ಕಳ ಹಾಗೆ ಸಾಲಾಗಿ ಇಟ್ಟಿದ್ದರು.

"ಅಯ್ಯೋ ಅತ್ತೆ, ಮಕಾಡೆ ಮಲಗಿಸ್ಬೇಕಿತ್ತು."

"ಉಸಿರು ಕಟ್ಟಲ್ವೇನೇ, ಪಾಪ?"

ಅಳಿಸಿಬಿಡೋಣವೆಂದು ಅವಳು ಚಿತ್ರ ತೆರೆದಳು. ಹಾಗೇ ದೊಡ್ಡದು ಮಾಡಿದಳು. ಮತ್ತೂ ದೊಡ್ಡದು ಮಾಡಿದಳು. ಅಳಿಸಬೇಕಾದ ಬೆರಳು ಅಲ್ಲೇ ನಿಂತಿತು.

ಮಂಕಾದ ಬೆಳ್ಳಿಯ ಬಯಲು. ನಡುವೆ ಉಬ್ಬಿದ ದಿಂಡು. ಅದರಿಂದ ನರ, ನರದಿಂದ ಕಿರುನರ, ಕೊನೆಗೆ ಕಣ್ಣಿಗೆ ಸಿಕ್ಕೂ ಸಿಗದ ಎಳೆಗಳ ಬಲೆ. ಬಲೆಯ ಕಣ್ಣುಕಣ್ಣಿನಲ್ಲೂ ಎಳೆಗೂಸಿನ ಕಿವಿಯ ಮೇಲಿನಂಥ ರೋಮ. ಅಂಗೈಗಿಂತ ಚಿಕ್ಕ ಎಲೆ, ನೋಡಿದಷ್ಟೂ ಮುಗಿಯಲಿಲ್ಲ.

ಅತ್ತೆ ಭುಜದ ಮೇಲಿಂದ ಬಗ್ಗಿದರು. "ಇದ್ಯಾವೂರ ನಕ್ಷೆನೇ?"

"ಎಲೆಯ ಬೆನ್ನು, ಅತ್ತೆ," ಎಂದವಳಿಗೆ ತನ್ನ ಮಾತು ತನಗೇ ಮೆಲ್ಲಗೆ ಕೇಳಿಸಿತು. ಆಫೀಸಿನವರು ಸ್ಕ್ಯಾನ್ ಮಾಡುತ್ತಿದ್ದುದು ಮುಖವನ್ನು ಮಾತ್ರ. ಅದನ್ನೇ ಹಿಂದಕ್ಕೂ ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಅಲ್ಲಿನ ಅಷ್ಟೂ ಕಾಡಿನಲ್ಲಿ ಎಲೆಗೆಲ್ಲ ಎರಡೆರಡು ಮುಖ, ಬೆನ್ನಿದ್ದ ಎಲೆ ಒಂದೂ ಇರಲಿಲ್ಲ.

ಊಟ ಮರೆತು ಅವಳು ತನ್ನ ಮರದ ಎಲೆಗಳಿಗೆ ಬೆನ್ನು ಕೊಟ್ಟಳು.

ಮರುದಿನ ಮೇಷ್ಟ್ರು ಆ ಮರವನ್ನು ಪರದೆಯ ಮೇಲಿನ ಪರೀಕ್ಷೆಯ ಗುಡ್ಡದ ತುಂಬ ನೆಟ್ಟು, ಕನ್ನಡಕ ಇಳಿಸಿ, ಗಾಳಿಯ ಗುಂಡಿ ಒತ್ತಿದರು. ಬೆಂಚಮ್ಮ ಕುರ್ಚಿಯ ಹಿಂದೆ ನಿಂತಿದ್ದಳು.

ಗುಡ್ಡದ ಬುಡದಲ್ಲಿ ಒಂದು ಮರ ಬೆಳ್ಳಗಾಯಿತು. ಪಕ್ಕದ್ದೂ ಆಯಿತು. ಆಮೇಲೆ ಎಣಿಕೆಗೆ ಸಿಗಲಿಲ್ಲ. ಎಲೆಗಳು ಬೆನ್ನು ತಿರುವುತ್ತ, ಮತ್ತೆ ಮುಖಕ್ಕೆ ಮರಳುತ್ತ, ಬೆಳ್ಳಿಯ ಅಲೆಯೊಂದು ಹಸಿರನ್ನು ಸವರಿಕೊಂಡು ನೆತ್ತಿಗೇರಿತು. ಯಾರಿಗೂ ಕಾಣದ ಗಾಳಿ ಗುಡ್ಡದ ಮೈಮೇಲೆ ನಡೆದುಹೋದದ್ದು ಇಬ್ಬರಿಗೂ ಕಾಣಿಸಿತು. ತಾನೇ ಮಾಡಿದ್ದೆಂದು ಅವಳಿಗೆ ನಂಬಿಕೆಯೇ ಬರಲಿಲ್ಲ.

ಮೇಷ್ಟ್ರು ಗುಂಡಿಯನ್ನು ಇನ್ನೊಮ್ಮೆ ಒತ್ತಿದರು, ಮಗದೊಮ್ಮೆ ಒತ್ತಿದರು. ಕೆಂಪು ಗೆರೆ ಎಳೆಯುವ ಕೈ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಕೊನೆಗೆ ಎದ್ದು ಕಿಟಕಿ ತೆರೆದರು. ಎದುರು ರಸ್ತೆಯಲ್ಲಿ ಅದೇ ಜಾತಿಯ ಮರ. ಬಸ್ಸೊಂದು ಹಾದ ಗಾಳಿಗೆ ಅದರ ಕೆಳಗಿನ ಕೊಂಬೆ ಬೆಳ್ಳಗೆ ಮಗುಚಿ ಮತ್ತೆ ಹಸಿರಾಯಿತು.

"ಇದು ದಿನಾ ಹೀಗೇ ಮಾಡ್ತಿತ್ತೇನಮ್ಮಾ?" ಎಂದರು. ದನಿ ಮೂಗಿನಿಂದ ಬಂದಿರಲಿಲ್ಲ.

"ಮಾಡ್ತಿತ್ತು ಅನ್ಸತ್ತೆ ಸಾರ್."

ಮರ ಪಾಸು, ಹಾಗೇ ಕಳಿಸು ಎಂದು ತಿರುಗದೆಯೇ ಹೇಳಿದರು. ಬೆಂಚಮ್ಮನೂ ಹೋಗಿ ಪಕ್ಕದಲ್ಲಿ ನಿಂತಳು. ಇಬ್ಬರೂ ಮುಂದಿನ ಬಸ್ಸಿಗೆ ಕಾದರು.