ನಡುಕಟ್ಟು ಬಿಚ್ಚಿದ ದಿನ

ಮಗು ಹುಟ್ಟಿದ ಹದಿನಾರನೆಯ ದಿನ ಬಿಸ್ನಾ ಮತ್ತೆ ಗೊಬ್ಬರದ ಬುಟ್ಟಿ ಹೊತ್ತಳು. ಹನ್ನೊಂದನೆಯ ದಿನ ಹೆಸರಿಡುವ ಶಾಸ್ತ್ರ ಮುಗಿದು ಅವಳು ಹೆರಿಗೆಯ ಮೈಲಿಗೆಗೆಂದು ಕೂತಿದ್ದ ಕೊಟ್ಟಿಗೆಯಿಂದ ಮನೆಯೊಳಗೆ ಬಂದಿದ್ದಳು. ಆಮೇಲೆ ಐದು ದಿನ ಓಮದ ಸಾರು, ತುಪ್ಪದ ಅನ್ನ ಸಿಕ್ಕಿತ್ತು. ನಮ್ಮ ಅಛಾಮ್ ಜಿಲ್ಲೆಯ ಗುಡ್ಡಗಳಲ್ಲಿ ಚೈತ್ರ ಮಾಸದಲ್ಲಿ ಹೆತ್ತವಳಿಗೆ ಅದಕ್ಕಿಂತ ಹೆಚ್ಚು ಬಿಡುವು ಸಿಗುವುದಿಲ್ಲ. ಮೆಕ್ಕೆಜೋಳ ಬಿತ್ತುವ ಮೊದಲು ಕೊಟ್ಟಿಗೆ ಗೊಬ್ಬರವೆಲ್ಲ ಕೆಳಗಿನ ಹೊಲಗಳನ್ನು ಸೇರಬೇಕು. ಗಂಡಸರು ಉಳುತ್ತಾರೆ, ಗೊಬ್ಬರವನ್ನು ಹೆಂಗಸರು ಹೊರುತ್ತಾರೆ. ಹಸಿ ಗೊಬ್ಬರ ತುಂಬಿದ ಬೆನ್ನುಬುಟ್ಟಿ ಮೂವತ್ತೈದು ಕಿಲೋಗೆ ಕಡಿಮೆ ತೂಗುವುದಿಲ್ಲ.

ಬೆಳಿಗ್ಗೆ ಅತ್ತೆ ನಂದಕಲಾ ತಾನೇ ನಿಂತು ಸೊಸೆಗೆ ನಡುಕಟ್ಟು ಸುತ್ತಿದ್ದಳು. ಐದು ಗಜದ ದಪ್ಪ ಹತ್ತಿ ಬಟ್ಟೆ, ಏಳು ಸುತ್ತು. ಸುತ್ತು ಬಿಗಿಯಾದಷ್ಟೂ ಹೊಟ್ಟೆಯೊಳಗಿನದು ಜಾಗದಲ್ಲಿ ನಿಲ್ಲುತ್ತದೆ ಎಂದು ನಂದಕಲಾಳಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಬಿಸ್ನಾ ಉಸಿರು ಕಟ್ಟುತ್ತದೆ ಎಂದಾಗ, ಕಟ್ಟಲಿ, ಒಳ್ಳೆಯದೇ ಎಂದು ಇನ್ನೊಮ್ಮೆ ಎಳೆದಳು. ಅದರಲ್ಲಿ ಕೇಡಿನ ಯೋಚನೆ ಏನೂ ಇರಲಿಲ್ಲ. ಇಪ್ಪತ್ತು ವರ್ಷದ ಈ ಹುಡುಗಿಯ ಮೇಲೆ ಅವಳಿಗೆ ಪ್ರೀತಿಯೇ ಇತ್ತು.

ನಾಲ್ಕನೆಯ ಬುಟ್ಟಿಯ ಹೊತ್ತಿಗೆ ದಾರಿಯ ಕಟ್ಟೆಯ ಮೇಲೆ ಭಾರ ಇಳಿಸಿ ಬಿಸ್ನಾ ಸುಮ್ಮನೆ ನಿಂತಳು. ಒಂದು ಕಾಲಿನ ಮೇಲೆ ಇನ್ನೊಂದನ್ನು ಹೆಣೆದಿದ್ದಳು. ಸೀರೆಯ ನೆರಿಗೆ ಸರಿಮಾಡುವವಳಂತೆ ಅಂಗೈಯನ್ನು ಕೆಳಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಹಿಂದೆ ಬರುತ್ತಿದ್ದ ನಂದಕಲಾ ಅದನ್ನು ಕಂಡಳು. ಆ ನಿಲುವು, ಆ ಅಂಗೈ ಅವಳಿಗೆ ಗೊತ್ತಿತ್ತು. ಮೂವತ್ತೊಂದು ವರ್ಷಗಳಿಂದ ಅವಳು ತಾನೂ ಹಾಗೆಯೇ ನಿಲ್ಲುತ್ತಿದ್ದಳು.

“ಭಾರ ಅನಿಸ್ತಿದ್ಯಾ ಕೆಳಗೆ?” ಎಂದು ಮೆಲ್ಲಗೆ ಕೇಳಿದಳು.

ಬಿಸ್ನಾ ನೆಲ ನೋಡಿದಳು. “ಏನೋ ಮೊಟ್ಟೆ ಇಟ್ಕೊಂಡು ನಡೀತಿರೋ ಹಾಗೆ ಅತ್ತೆ. ಮಲಗಿದ್ರೆ ಇರಲ್ಲ. ಎದ್ರೆ ಬರತ್ತೆ.”

ನಂದಕಲಾಳಿಗೆ ಮೂರನೆಯ ಹೆರಿಗೆಯ ನಂತರ ಹೀಗೆಯೇ ಶುರುವಾಗಿತ್ತು. ಮೊದಲು ಸಂಜೆಯ ಹೊತ್ತಿನ ಭಾರ, ಆಮೇಲೆ ಕೈಗೆ ಸಿಗುವ ಗಂಟು, ಆಮೇಲೆ ಅದನ್ನು ಬೆರಳಿನಿಂದ ಒಳಗೆ ತಳ್ಳದೆ ಮೂತ್ರವೂ ಹೋಗದ ಸ್ಥಿತಿ. ದಿನಾ ಹಾಸಿಗೆಯಲ್ಲೇ ಅಂಗಾತ ಮಲಗಿ ಗರ್ಭವನ್ನು ಒಳಗೆ ಸರಿಸಿ, ನಡುಕಟ್ಟು ಬಿಗಿದು, ಆಮೇಲೆ ಏಳುತ್ತಿದ್ದಳು. ಗಂಡನಿಗೆ ಸೊಂಟನೋವು ಎಂದಷ್ಟೇ ಹೇಳಿದ್ದಳು. ಸೊಂಟನೋವಿಗೆ ಅವನು ಎರಡು ಸಲ ಮುಲಾಮು ತಂದುಕೊಟ್ಟಿದ್ದ.

ಸೊಸೆಯ ಬುಟ್ಟಿಯ ಗೊಬ್ಬರವನ್ನು ಅವಳು ಕಟ್ಟೆಯ ಪಕ್ಕದಲ್ಲೇ ಸುರಿದಳು. ಮರುದಿನ ಇಬ್ಬರೂ ಆರೋಗ್ಯ ಚೌಕಿಗೆ ಹೊರಟರು. ಏರುದಾರಿ ಒಂದೂವರೆ ಗಂಟೆಯದು. ಮೂರು ಕಡೆ ಕೂತು ಹೋದರು. ಮಗುವನ್ನು ನಂದಕಲಾ ಕಟ್ಟಿಕೊಂಡಿದ್ದಳು.

ಚೌಕಿಯ ದಾದಿ ಫೂಲ್ಮತಿ ಚೌಧರಿ ಗುಡ್ಡಗಳ ಕೆಳಗಿನ ಬಯಲುಸೀಮೆಯವಳು. ಅವಳ ಮಾತಿನ ಧಾಟಿಯನ್ನು ಊರವರು ಅಣಕಿಸುತ್ತಿದ್ದರು, ಆದರೆ ಹೆರಿಗೆಗೆ ಅವಳನ್ನೇ ಕರೆಯುತ್ತಿದ್ದರು. ಅವಳು ಬಿಸ್ನಾಳನ್ನು ಒಳಕೋಣೆಯಲ್ಲಿ ಮಲಗಿಸಿ ಪರೀಕ್ಷಿಸಿದಳು, ಉಸಿರು ಬಿಗಿಹಿಡಿದು ಕೆಳಗೆ ಮುಕ್ಕಲು ಹೇಳಿ ನೋಡಿದಳು. ಗರ್ಭ ಸ್ವಲ್ಪ ಇಳಿದಿತ್ತು, ಹೊರಗೆ ಬಂದಿರಲಿಲ್ಲ. ಹೆರಿಗೆಯಲ್ಲಿ ಹಿಗ್ಗಿದ ಸ್ನಾಯುಗಳು ಇನ್ನೂ ಬಿಗಿಯಾಗುತ್ತಿರುವ ಹೊತ್ತು ಇದು; ಈಗ ಭಾರ ಬೀಳದಿದ್ದರೆ ಮತ್ತೆ ಮೇಲಕ್ಕೆ ಹೋಗಿ ನಿಲ್ಲುವ ಸಾಧ್ಯತೆ ಹೆಚ್ಚು, ಬಿದ್ದರೆ ಇನ್ನೂ ಇಳಿಯಬಹುದು ಎಂದು ಬಿಡಿಸಿ ಹೇಳಿದಳು. ಹೆರಿಗೆಯಾದ ಆರು ವಾರದವರೆಗೆ ಮಗುವಿಗಿಂತ ಭಾರದ್ದನ್ನು ಎತ್ತಬಾರದು. ಆಮೇಲೂ, ಮಗುವಿಗೆ ಮೂರು ತಿಂಗಳಾಗುವವರೆಗೆ, ತುಂಬಿದ ಬುಟ್ಟಿ ಬೇಡ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಬಿಗಿದು, ಐದು ಎಣಿಸಿ, ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಲ ಕಟ್ಟದ ಹಾಗೆ ನೀರು ಕುಡಿಯಬೇಕು, ಸೊಪ್ಪು ತಿನ್ನಬೇಕು.

ಸೊಂಟದ ಕಟ್ಟನ್ನು ಇನ್ನೊಂಚೂರು ಬಿಗಿದರೆ ಆಗದೇ ಎಂದು ನಂದಕಲಾ ಕೇಳಿದಳು.

ಫೂಲ್ಮತಿ ನಕ್ಕಳು. “ಅಮ್ಮಾ, ನಡು ಹಿಂಡಿದ್ರೆ ಒಳಗಿರೋದು ಎಲ್ಲಿಗೆ ಹೋಗ್ಬೇಕು? ಮೇಲೆ ಎದೆಗೂಡಿದೆ. ಕೆಳಗೆ ಬಾಗಿಲಿದೆ.”

ನಂದಕಲಾ ತನ್ನ ನಡುಕಟ್ಟಿನ ಮೇಲೆ ಕೈಯಿಟ್ಟಳು. ಎದ್ದು, ತನ್ನನ್ನೂ ನೋಡು ಎಂದಳು.

ಅವಳದು ಪೂರ್ತಿ ಹೊರಗೆ ಬರುವ ಮಟ್ಟಕ್ಕೆ ಹೋಗಿತ್ತು. ಹುಣ್ಣಾಗಿರಲಿಲ್ಲ, ಅದೊಂದು ಪುಣ್ಯ. ಶಸ್ತ್ರಚಿಕಿತ್ಸೆಗೆ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು, ಅಲ್ಲಿಯವರೆಗೆ ಉಂಗುರ ಹಾಕಿ ನೋಡೋಣ ಎಂದು ಫೂಲ್ಮತಿ ಬಳೆಯಷ್ಟು ದೊಡ್ಡ, ಮೆದುವಾದ ಉಂಗುರವೊಂದನ್ನು ತೊಳೆದು, ಮಡಿಸಿ, ಒಳಗೆ ಕೂರಿಸಿದಳು. ಅಂಗಳದಲ್ಲಿ ನಡೆದು, ಕುಕ್ಕರಗಾಲಲ್ಲಿ ಕೂತು, ಕೆಮ್ಮಿ ಬರಲು ಹೇಳಿದಳು. ಕೂತ ಕೂಡಲೇ ಉಂಗುರ ಜಾರಿ ಬಿತ್ತು. ಎರಡನೆಯದು, ಒಂದು ಅಳತೆ ದೊಡ್ಡದು, ನಿಂತಿತು. ನಂದಕಲಾ ಅಂಗಳದಲ್ಲಿ ಮೂರು ಸುತ್ತು ಹಾಕಿದಳು, ಕೂತಳು, ಎದ್ದಳು, ಬೇಲಿಯಾಚೆಗೆ ಹೋಗಿ ಮೂತ್ರ ಮಾಡಿ ಬಂದಳು. ಬೆರಳು ಬೇಕಾಗಲಿಲ್ಲ. ಮೂರು ತಿಂಗಳಿಗೊಮ್ಮೆ ಬಂದು ತೆಗೆಸಿ ತೊಳೆಸಿಕೊಳ್ಳಬೇಕು, ರಕ್ತವೋ ದುರ್ವಾಸನೆಯ ಸ್ರಾವವೋ ಕಂಡರೆ ಅದಕ್ಕೂ ಮೊದಲೇ ಬರಬೇಕು ಎಂಬ ಮಾತನ್ನು ಅವಳು ಎರಡು ಸಲ ಕೇಳಿಸಿಕೊಂಡಳು.

ಉಳಿದ ತೊಡಕು ಮೈಯದಲ್ಲ, ಮುಯ್ಯಾಳಿನದು.

ನಮ್ಮೂರಲ್ಲಿ ಗೊಬ್ಬರ ಹೊರುವುದು ಮುಯ್ಯಿಗೆ. ಇವತ್ತು ಒಂದು ಮನೆಯ ಹೊಲಕ್ಕೆ ಎಲ್ಲರೂ ಹೊರುತ್ತಾರೆ, ನಾಳೆ ಇನ್ನೊಂದು ಮನೆಯದಕ್ಕೆ. ತಲೆಗೆ ತಲೆ, ದಿನಕ್ಕೆ ದಿನ. ನಂದಕಲಾಳ ಮನೆಯಿಂದ ಎರಡು ತಲೆ ಹೋಗಬೇಕು. ಒಂದು ತಪ್ಪಿದರೆ ಮನೆಯೇ ಗುಂಪಿನಿಂದ ಹೊರಗೆ. ಒಬ್ಬಳೇ ಹೊತ್ತರೆ ಅವರ ಗೊಬ್ಬರಕ್ಕೆ ಇಪ್ಪತ್ತು ದಿನ ಬೇಕು. ಬಿತ್ತನೆಯ ಹದ ಅಷ್ಟು ದಿನ ಕಾಯುವುದಿಲ್ಲ. ಉಂಗುರ ಹಾಕಿಸಿಕೊಂಡ ನಂದಕಲಾಳಿಗೂ ಈಗ ತುಂಬಿದ ಬುಟ್ಟಿ ಹೊರುವ ಹಾಗಿರಲಿಲ್ಲ. ಮಗ ಪುಣೆಯಲ್ಲಿ ಕಾವಲುಗಾರ. ಗಂಡ ಗಗನ್‌ಸಿಂಗ್ ಉಳಬಲ್ಲ, ಗೊಬ್ಬರದ ಬುಟ್ಟಿ ಮುಟ್ಟಿದ ಗಂಡಸು ನಮ್ಮೂರಲ್ಲಿ ಇಲ್ಲ. ಒಂದೋ ಸೊಸೆ ಹೊರಬೇಕು, ಇಲ್ಲ ಹೊಲ ಬಿಡಬೇಕು. ಒಂದು ವಾರ ಹೊತ್ತರೆ ಏನಾದೀತು, ನೀನು ಹೊರಲಿಲ್ಲವೇ ಎಂದು ಗಗನ್‌ಸಿಂಗ್ ರಾಗಿ ರೊಟ್ಟಿ ಮುರಿಯುತ್ತಾ ಕೇಳಿದ. ಹೊತ್ತೆ ಎಂದಷ್ಟೇ ನಂದಕಲಾ ಹೇಳಿದಳು.

ಅದರ ಮರುದಿನ ಜೌಕಲಾ ಸಾವುದ್ ಎಂಬವಳ ಹೊಲದ ಸರದಿ. ಊರಿನ ಮುಯ್ಯಾಳು ಗುಂಪಿಗೆ ಅವಳೇ ಯಜಮಾನಿ, ಮಾತು ಚೂಪು. ಅವಳ ಅಂಗಳದಲ್ಲಿ ಒಂಬತ್ತು ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದರು. ನಂದಕಲಾ ಬರಿಗೈಯಲ್ಲಿ ಬಂದಳು. ಹಿಂದೆ ಬಿಸ್ನಾ, ಮಗುವನ್ನು ಎದೆಗೆ ಕಟ್ಟಿಕೊಂಡು.

“ಏನು ಜೇಠಿ ಅಕ್ಕ, ಅತ್ತೆ ಸೊಸೆ ಮದುವೆಗೆ ಹೊರಟ ಹಾಗಿದೆ? ಬುಟ್ಟಿ ಎಲ್ಲಿ?” ಎಂದಳು ಜೌಕಲಾ.

ಸೊಸೆ ಹೊರುವುದಿಲ್ಲ, ಮೂರು ತಿಂಗಳು ಎಂದು ನಂದಕಲಾ ತಿಳಿಸಿದಳು.

ಅಂಗಳದಲ್ಲಿ ನಗೆ ಎದ್ದಿತು. ಬೆಣ್ಣೆಯಲ್ಲಿ ಮಾಡಿದ ಸೊಸೆಯೋ ಎಂದು ಒಬ್ಬಳು ಕೇಳಿದಳು. ಬಿಸಿಲಿಗೆ ಬಿಡಬೇಡ, ಕರಗಿಹೋದಾಳು ಎಂದಳು ಇನ್ನೊಬ್ಬಳು. ಜೌಕಲಾ ನಗಲಿಲ್ಲ. ತಲೆ ಕಡಿಮೆ ಮಾಡಿದ ಮನೆಗೆ ಮುಯ್ಯಿ ಇಲ್ಲ, ಇದು ತಾನು ಮಾಡಿದ ನಿಯಮವೂ ಅಲ್ಲ ಎಂದಳು. “ನಾವೇನು ಹೆತ್ತಿಲ್ವಾ? ಹನ್ನೆರಡನೇ ದಿನಕ್ಕೆ ನಾನು ಹುಲ್ಲಿನ ಹೊರೆ ಹೊತ್ತೆ. ಸತ್ತೋದ್ನಾ?”

ನಂದಕಲಾ ನಡುಕಟ್ಟಿನ ತುದಿ ಹುಡುಕಿ ಎಳೆದಳು. ಸುತ್ತು ಸುತ್ತಾಗಿ ಬಿಚ್ಚಿದಳು. ಐದು ಗಜದ ಬಟ್ಟೆ ಅಂಗಳದ ಮಣ್ಣಿನ ಮೇಲೆ ಬಿತ್ತು. ಕಟ್ಟಿಲ್ಲದ ನಡುವಿನಲ್ಲಿ ಅವಳನ್ನು ಯಾರೂ ನೋಡಿರಲಿಲ್ಲ. ನಗೆ ನಿಂತಿತು.

“ಮೂವತ್ತೊಂದು ವರ್ಷದಿಂದ ನನ್ನ ಗರ್ಭ ಹೊರಗಿದೆ. ಇದು ಅದನ್ನ ಮೇಲೆ ಹಿಡ್ಕೊಂಡಿದೆ ಅಂದ್ಕೊಂಡಿದ್ದೆ. ಕೆಳಗೆ ತಳ್ತಿದ್ದದ್ದೇ ಇದು, ಇದರ ಮೇಲೆ ಬುಟ್ಟಿ. ಈಗ ಇವಳದ್ದೂ ಇಳೀತಾ ಇದೆ. ಇನ್ನೂ ಹೊರಗೆ ಬಂದಿಲ್ಲ. ಬರೋಕೆ ನಾನು ಬಿಡಲ್ಲ. ಹೊಲ ಬೀಳು ಬಿದ್ರೂ ಸರಿ.” ಉಸಿರು ತೆಗೆದುಕೊಂಡು, “ನಿಮ್ಮಲ್ಲಿ ಯಾರದ್ದು ಜಾರಿಲ್ವೋ ಅವರು ಇವಳ ಬೆನ್ನಿಗೆ ಬುಟ್ಟಿ ಏರಿಸಿ,” ಎಂದಳು.

ಯಾರೂ ಮುಂದೆ ಬರಲಿಲ್ಲ. ಬೆಣ್ಣೆಯ ಮಾತಾಡಿದವಳು ಬೇರೆ ಕಡೆ ತಿರುಗಿದಳು. ಜೌಕಲಾ ತನ್ನ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಒಂದು ಮಗ್ಗುಲಾಗಿ ಕೂತಳು. ಅವಳು ಯಾವಾಗಲೂ ಹಾಗೆಯೇ ಕೂರುತ್ತಿದ್ದಳು. ಯಾಕೆಂದು ಅವತ್ತು ಎಲ್ಲರಿಗೂ ತಿಳಿಯಿತು.

“ನಂದು ಹದಿನಾಲ್ಕು ವರ್ಷ,” ಎಂದಳು.

ಆಮೇಲೆ ಮಾತು ತಾನಾಗಿ ಬಂತು. ಒಬ್ಬಳಿಗೆ ಆರು ವರ್ಷ, ಇನ್ನೊಬ್ಬಳಿಗೆ ಹೋದ ಮಳೆಗಾಲದಿಂದ. ಕೆಮ್ಮಿದರೆ ಸೀರೆ ಒದ್ದೆಯಾಗುತ್ತದೆ ಎಂದಳೊಬ್ಬಳು. ಒಬ್ಬಳ ಗಂಡ ಇನ್ನೊಬ್ಬಳನ್ನು ತರುವ ಮಾತಾಡಿದ್ದ. ಅದು ಇದರಿಂದಲೇ ಎಂದು ಅವಳು ಮೊದಲ ಸಲ ಹೇಳಿದಳು. ಒಂಬತ್ತರಲ್ಲಿ ಆರು ಜನ. ಅಕ್ಕಪಕ್ಕದ ಮನೆಯವರು, ಒಂದೇ ದಾರಿಯಲ್ಲಿ ವರ್ಷಗಟ್ಟಲೆ ಹೊತ್ತವರು, ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಎಲ್ಲರದ್ದೂ ಸೊಂಟನೋವೇ ಆಗಿತ್ತು.

ನಿಯಮ ಮುರಿಯುವುದು ಜೌಕಲಾಳಿಗೆ ಆಗದ ಮಾತು. ಅವಳು ಅದನ್ನು ಮುರಿಯದೆ ಬಗ್ಗಿಸಿದಳು. ತಲೆಗೆ ತಲೆ ಎಂದಿದೆಯೇ ಹೊರತು ಬುಟ್ಟಿಗೆ ಬುಟ್ಟಿ ಎಂದಿಲ್ಲ. ಬಾಣಂತಿ ಅಂಗಳದಲ್ಲಿ ಕೂತು ಎಲ್ಲರ ಮಕ್ಕಳನ್ನು ನೋಡಿಕೊಳ್ಳಲಿ, ಹೊರುವವರಿಗೆ ಹುರಿದ ಸೋಯಾ ಕಾಳು ಕೊಡಲಿ. ಅದೂ ಒಂದು ತಲೆ. ನಂದಕಲಾ ಹಾರೆ ಹಿಡಿದು ಹೊಲದಲ್ಲಿ ಗೊಬ್ಬರ ಹರಡಲಿ. ಬುಟ್ಟಿ ಇನ್ನು ಅರ್ಧ ಮಾತ್ರ, ಎಲ್ಲರಿಗೂ. ಕೆಲಸ ಬಹಳ ದಿನ ಎಳೆಯುತ್ತದೆ ಎಂದು ಒಬ್ಬಳು ಗೊಣಗಿದಳು. “ಎಳೀಲಿ. ನಿನ್ನ ಹೊಟ್ಟೆಯೊಳಗಿಂದು ಎಳೆಯೋದಕ್ಕಿಂತ ವಾಸಿ,” ಎಂದಳು ಜೌಕಲಾ, ಮತ್ತೆ ಮೊದಲಿನ ಧ್ವನಿಯಲ್ಲಿ. ಈ ಸಲದ ನಗೆ ಬೇರೆಯಾಗಿತ್ತು.

ಮನೆಯ ಗುಟ್ಟನ್ನು ಊರಿಗೆಲ್ಲ ಹಂಚಿದೆಯಂತೆ ಎಂದು ಸಂಜೆ ಗಗನ್‌ಸಿಂಗ್ ಸಿಡುಕಿದ. ಅದು ಮನೆಯದಲ್ಲ, ತನ್ನ ಮೈಯದು ಎಂದು ನಂದಕಲಾ ಉತ್ತರ ಕೊಟ್ಟಳು. ಅವನು ಬಹಳ ಹೊತ್ತು ಹುಕ್ಕಾ ಸೇದಿದ. ಆ ಮುಲಾಮು ಇದಕ್ಕೇ ಹಚ್ಚುತ್ತಿದ್ದೆಯಾ ಎಂದು ಕೊನೆಗೆ ಕೇಳಿದ. ಮರುದಿನ ಬೆಳಿಗ್ಗೆ ನೀರಿನ ಗಡಿಗೆಯನ್ನು ಅವನೇ ಹೆಗಲಿಗೇರಿಸಿಕೊಂಡು ತಂದ. ಊರಿನ ಗಂಡಸರು ನಕ್ಕರು. ಅವನು ಬೈದ, ಆದರೆ ತರುವುದನ್ನು ಬಿಡಲಿಲ್ಲ.

ಗೊಬ್ಬರ ನಾಲ್ಕು ದಿನ ತಡವಾಗಿ ಎಲ್ಲ ಹೊಲಗಳನ್ನೂ ಸೇರಿತು. ಬಿತ್ತನೆ ಹದದಲ್ಲೇ ಆಯಿತು. ವೈಶಾಖದಲ್ಲಿ ಆ ಆರು ಜನವೂ ಜೊತೆಯಾಗಿ ಚೌಕಿಗೆ ಹೋದರು. ಮೂವರಿಗೆ ಉಂಗುರ ಸರಿಹೊಂದಿತು. ಇಬ್ಬರಿಗೆ ವ್ಯಾಯಾಮವೇ ಸಾಕೆಂದಳು ಫೂಲ್ಮತಿ. ಒಬ್ಬಳಿಗೆ ಹುಣ್ಣಾಗಿತ್ತು, ಅವಳನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿದರು, ಜೌಕಲಾ ಜೊತೆಗೆ ಹೋಗಿ ಹನ್ನೊಂದು ದಿನ ಇದ್ದು ಕರೆತಂದಳು.

ಬಿಸ್ನಾ ದಿನಕ್ಕೆ ಮೂರು ಹೊತ್ತು ಬಿಗಿದು, ಐದು ಎಣಿಸಿ, ಬಿಟ್ಟಳು. ಎಣಿಕೆ ತಪ್ಪದ ಹಾಗೆ ನಂದಕಲಾ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಎಣಿಸುತ್ತಿದ್ದಳು.

ಆಷಾಢದಲ್ಲಿ, ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ, ಅತ್ತೆ ಸೊಸೆ ಮತ್ತೆ ಗುಡ್ಡ ಹತ್ತಿದರು. ದಾರಿಯಲ್ಲಿ ಎಲ್ಲೂ ಕೂರಲಿಲ್ಲ. ಒಳಕೋಣೆಯ ಬಾಗಿಲು ಹಾಕಿತ್ತು. ನಂದಕಲಾ ಹೊರಗೆ ನಿಂತು ಮಗುವನ್ನು ತೂಗುತ್ತಿದ್ದಳು. ಮುಕ್ಕು, ಇನ್ನೂ ಜೋರಾಗಿ ಎನ್ನುವ ಫೂಲ್ಮತಿಯ ಮಾತು ಕೇಳುತ್ತಿತ್ತು. ಆಮೇಲೆ ಸದ್ದಿಲ್ಲ. ನಂದಕಲಾ ತೂಗುವುದನ್ನು ನಿಲ್ಲಿಸಿದಳು.

ಬಾಗಿಲು ತೆರೆಯಿತು. “ಜಾಗದಲ್ಲಿದೆ ಅಮ್ಮಾ. ಮುಕ್ಕಿದ್ರೂ ಇಳಿಯಲ್ಲ,” ಎಂದಳು ಫೂಲ್ಮತಿ.

ನಂದಕಲಾ ಇನ್ನೊಮ್ಮೆ ಹೇಳಿಸಿದಳು. ವ್ಯಾಯಾಮ ಬಿಡಬಾರದು, ಅರ್ಧ ಬುಟ್ಟಿ ಅರ್ಧವಾಗಿಯೇ ಇರಬೇಕು, ಮುಂದಿನ ಹೆರಿಗೆಯ ನಂತರವೂ ಇದೇ ಕ್ರಮ ಎಂಬುದನ್ನೆಲ್ಲ ತಲೆಯಾಡಿಸುತ್ತಾ ಕೇಳಿದಳು.

ಇಳಿಯುವ ದಾರಿಯಲ್ಲಿ ಚಹಾ ಅಂಗಡಿ ಇದೆ. ಅಲ್ಲಿ ಗಂಡಸರೇ ಕೂರುವುದು. ಹೆಂಗಸರು ಸೆರಗು ಎಳೆದುಕೊಂಡು ದಾಟುವುದು ವಾಡಿಕೆ. ನಂದಕಲಾ ಅಂಗಡಿಯ ಮುಂದೆ ನಿಂತಳು. ಯಾವ ಕಡೆಯಿಂದ ಬಂದಿರಿ ಅತ್ತಿಗೆ ಎಂದು ಯಾರೋ ಸುಮ್ಮನೆ ಕೇಳಿದರು.

“ಚೌಕಿಯಿಂದ. ನನ್ನ ಸೊಸೆ ಗರ್ಭ ಜಾರಿತ್ತು. ಈಗ ಗಟ್ಟಿಯಾಗಿ ನಿಂತಿದೆ,” ಎಂದಳು ನಂದಕಲಾ, ಎಲ್ಲರಿಗೂ ಕೇಳುವ ಹಾಗೆ. “ನಿಮ್ಮ ಮನೇಲಿ ಯಾರಿಗಾದ್ರೂ ಸೊಂಟನೋವಿದ್ರೆ ಕಳಿಸಿ.”

ಲೋಟ ಹಿಡಿದ ಕೈಗಳು ಅಲ್ಲಲ್ಲೇ ನಿಂತವು. ಬಿಸ್ನಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾ ಇಳಿಜಾರಿನಲ್ಲಿ ಮುಂದೆ ಓಡಿದಳು. ನಂದಕಲಾ ಅಲ್ಲಿಯೇ ನಿಂತು, ಉತ್ತರಕ್ಕೆ ಕಾದಳು.