ನಾಗಸಾಕಿಯ ಪಟಾಕಿ ಸಂಜೆ

ಅತ್ತೆ ದೂರದ ಉತ್ತರದ ಅಕಿತಾದಿಂದ ಬಂದಿದ್ದು ಊರು ನೋಡುವುದಕ್ಕೆ. ನನ್ನ ಗಂಡನಿಗೆ ಹಡಗುಕಟ್ಟೆಯಲ್ಲಿ ಪಾಳಿ. ಹಾಗಾಗಿ ಬೆಳಗಿನಿಂದ ನಾನೇ ಅವರನ್ನೂ ಐದು ವರ್ಷದ ಮಗಳು ಸುಮಿರೆಯನ್ನೂ ಸುತ್ತಿಸುತ್ತಿದ್ದೆ. ಒಂದು ಕಾಲಕ್ಕೆ ಡಚ್ಚರನ್ನು ಕೂಡಿಹಾಕಿದ್ದ ದೆಜಿಮಾ ಆಯಿತು, ಚೀನೀ ಕೇರಿಯಲ್ಲಿ ಚಂಪೊನ್ ಶ್ಯಾವಿಗೆ ಆಯಿತು. ಇಗರ್ಜಿಯ ಏರು ಹತ್ತುವಾಗ ಅತ್ತೆ ಗೋಡೆ ಹಿಡಿದು ನಿಂತುಬಿಟ್ಟರು.

“ಅಲ್ವೇ ರಿತ್ಸು, ಡಚ್ಚರು ಬಂದ್ರು, ಚೀನಾದವ್ರು ಬಂದ್ರು, ಪಾದ್ರಿಗಳು ಬಂದ್ರು. ಒಬ್ರಿಗೂ ನಿಮ್ಮೂರ ನೆಲ ಸಮ ಮಾಡೋಕಾಗ್ಲಿಲ್ವಾ?”

“ಸಮ ಮಾಡಿದ್ರೆ ನೀವು ಸೈಕಲ್ ಕೇಳ್ತಿದ್ರಿ ಅತ್ತೆ.”

ಅಂದು ಆಗಸ್ಟ್ ಹದಿನೈದು. ವರ್ಷದೊಳಗೆ ತೀರಿಕೊಂಡವರಿಗಾಗಿ ಮನೆಯವರು ದೋಣಿ ಕಟ್ಟಿ, ಗಾಲಿಯ ಮೇಲೆ ಬಂದರಿನವರೆಗೆ ತಳ್ಳಿಕೊಂಡು ಹೋಗುವ ಸಂಜೆ. ಅದನ್ನೂ ತೋರಿಸೋಣವೆಂದು ಟ್ರಾಮ್ ದಾರಿಯ ಅಂಚಿನಲ್ಲಿ ನಿಂತೆವು. ದಾರಿಯುದ್ದಕ್ಕೂ ಹೊಡೆಯುವ ಪಟಾಕಿಗೆಂದು ಸುಮಿರೆಯ ಕಿವಿಗೆ ಹತ್ತಿ ತುರುಕಿದೆ, ನಾನೂ ತುರುಕಿಕೊಂಡೆ. ಅತ್ತೆಗೆ ಕೊಡಬೇಕೆಂದು ಹೊಳೆಯಲೇ ಇಲ್ಲ. ಇಲ್ಲಿ ಅದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಮಳೆ ಬಂದರೆ ಕೊಡೆ ಬಿಡಿಸಿ ಎಂದು ದೊಡ್ಡವರಿಗೆ ಹೇಳುತ್ತೇವೆಯೇ? ಅತ್ತೆಯ ಊರ ಕಡೆ ಸತ್ತವರನ್ನು ಕಳಿಸುವುದು ಹೊಳೆಯಲ್ಲಿ ದೀಪ ಬಿಟ್ಟು, ಪಿಸುಮಾತಿನಲ್ಲಿ.

ಮಗುವಿನ ಕೈಯನ್ನು ಅತ್ತೆಯ ಕೈಗೆ ಕೊಟ್ಟು ನೀರು ತರಲು ಹೋದೆ. ಅಷ್ಟರಲ್ಲಿ ಮೊದಲ ದೋಣಿಗಳು ಬಂದವು. ಯಾರೋ ಪಟಾಕಿಯ ಇಡೀ ಪೆಟ್ಟಿಗೆಯನ್ನೇ ಹೊತ್ತಿಸಿ ಎಸೆದರು. ಬೀದಿ ಹೊಗೆಯಲ್ಲಿ ಮುಳುಗಿತು.

ತಿರುಗಿ ಬಂದಾಗ ಅತ್ತೆ ಕುಕ್ಕರುಗಾಲಲ್ಲಿ ಕೂತು ಕಿವಿ ಮುಚ್ಚಿಕೊಂಡಿದ್ದರು. ಎರಡೂ ಕೈಯಿಂದ.

ನನ್ನ ಕಿವಿಯ ಹತ್ತಿ ಕಿತ್ತೆಸೆದೆ. “ಮಗು ಎಲ್ಲಿ ಅತ್ತೆ?”

“ಗ್ಯಾಸ್ ಸಿಡೀತು ಅನ್ಕೊಂಡೆ ಕಣೇ... ಕೈ ಬಿಟ್ಬಿಟ್ಟೆ...”

“ಸುಮಿರೇ!” ಎಂದು ಕಿರುಚಿದೆ. ಕೇಳಿಸುವುದಾದರೂ ಹೇಗೆ? ಅವಳ ಕಿವಿಗೆ ಹತ್ತಿ ತುಂಬಿದವಳು ನಾನೇ.

ಪಕ್ಕದಲ್ಲಿ ಚಾಪೆ ಹಾಸಿ ಕೂತಿದ್ದ ಹೆಂಗಸು ನನ್ನ ತೋಳು ಹಿಡಿದೆಳೆದಳು. “ಹಳದಿ ಫ್ರಾಕಿನ ಮಗೂನಾ? ದೋಣಿ ಸುತ್ತ ಇಳಿಬಿಟ್ಟ ಪರದೆ ಎತ್ತಿ ಕೆಳಗೆ ನುಗ್ತಲ್ಲ! ಅವ್ರ ಮನೇದೇ ಅನ್ಕೊಂಡೆ.”

“ಯಾವ ದೋಣಿ?”

“ಕೊಕ್ಕರೆ ಗುರುತಿಂದು. ಓಡು ತಾಯಿ, ಬಂದರು ಹತ್ರ ಹೋಗಿರ್ತದೆ!”

ಬಂದರಿನಲ್ಲಿ ಏನಾಗುತ್ತದೆಂದು ನನಗೆ ಗೊತ್ತು. ದೋಣಿಗಳನ್ನು ಈಗ ಕಡಲಿಗೆ ಬಿಡುವುದಿಲ್ಲ. ಕಬ್ಬಿಣದ ದವಡೆಯ ಯಂತ್ರವೊಂದು ಸಾಲಾಗಿ ಬಂದ ದೋಣಿಗಳನ್ನು ಕಚ್ಚಿ ಪುಡಿ ಮಾಡುತ್ತದೆ. ಪ್ರತಿ ವರ್ಷ ನಿಂತು ನೋಡಿದವಳು ನಾನು.

ಓಡಿದೆ. ಕಾಲಡಿ ಕಿಡಿ ಹಾರುತ್ತಿದ್ದವು. ಬಂದರಿನ ಬಾಗಿಲ ಬಳಿ ಕೊಕ್ಕರೆ ಕಂಡಿತು. ಅದರಾಚೆ ಯಂತ್ರದ ತೋಳು ಮೇಲೇಳುತ್ತಿತ್ತು. ದೋಣಿ ತಳ್ಳುತ್ತಿದ್ದವನ ಬೆನ್ನಿಗೆ ಗುದ್ದಿ “ನಿಲ್ಸಿ!” ಎಂದೆ. ಅವನ ಕಿವಿಯಲ್ಲೂ ಹತ್ತಿ. ಅವನು ನನ್ನ ಕಣ್ಣೀರು ನೋಡಿ ಭುಜ ತಟ್ಟಿದ. “ಅಳಬೇಡಕ್ಕಾ, ಸುಖವಾಗಿ ಹೋಗ್ತಾರೆ,” ಎಂದು ಮತ್ತೆ ತಳ್ಳತೊಡಗಿದ.

ಆ ಗದ್ದಲದಲ್ಲಿ ದೋಣಿ ತಳ್ಳುವವರ ಕಾಲು ಕೇಳುವುದು ಒಂದೇ ಸದ್ದು, ಮುಂದೆ ಬಾರಿಸುವ ಜಾಗಟೆಯದು. ಮುಂದಕ್ಕೆ ನುಗ್ಗಿ, ಮುದುಕ ಬಾರಿಸುತ್ತಿದ್ದ ಜಾಗಟೆಯನ್ನು ಎರಡೂ ತೋಳಿನಿಂದ ತಬ್ಬಿಕೊಂಡೆ. ಅವನ ಕೊಡತಿ ನನ್ನ ಬೆರಳ ಗಿಣ್ಣಿನ ಮೇಲೆ ಬಿತ್ತು. ಸದ್ದು ಸತ್ತಿತು. ದೋಣಿ ನಿಂತಿತು.

“ಹುಚ್ಚು ಹಿಡಿದಿದೆಯಾ? ನಮ್ಮಣ್ಣನ್ನ ಕಳಿಸ್ತಿದೀವಿ!”

ದೋಣಿಯ ಕೆಳಗೆ ಬೆರಳು ತೋರಿಸಿದೆ. ಪರದೆ ಎತ್ತಿದರು. ಗಾಲಿಗಳ ನಡುವಿನ ಅಡ್ಡಪಟ್ಟಿಗೆ ಕೈಕಾಲು ಸುತ್ತಿಕೊಂಡು ಸುಮಿರೆ ಕಣ್ಣು ಮುಚ್ಚಿ ನೇತುಬಿದ್ದಿದ್ದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಮುದುಕ ಅಲ್ಲೇ ಕುಸಿದು ಕೂತ. “ಅಣ್ಣ ಬದುಕಿದ್ದಾಗ್ಲೂ ಹಿಂಗೇ. ಮಕ್ಕಳು ಕಂಡ್ರೆ ಸಾಕು, ದೋಣಿ ಹತ್ತಿಸ್ಕೊಳ್ತಿದ್ದ,” ಎಂದ.

ಅತ್ತೆ ಏದುಸಿರು ಬಿಡುತ್ತ ಬಂದರು. ಸುಮಿರೆ ಕೈ ಚಾಚಿದಳು. ಅತ್ತೆ ತಮ್ಮ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. “ನೀನೇ ಹಿಡ್ಕೋ ರಿತ್ಸು. ಈ ಕೈ ನಂಬಬೇಡ.”

ನನ್ನ ಬೆರಳು ಊದಿತ್ತು, ಮಡಚಲಾಗುತ್ತಿರಲಿಲ್ಲ. “ನನ್ನಿಂದ ಆಗಲ್ಲ ಅತ್ತೆ. ನೀವೇ ಹಿಡೀಬೇಕು,” ಎಂದೆ.

ಅವರು ಹಿಡಿದರು. ಹಿಂದೆ ಜಾಗಟೆ ಮತ್ತೆ ಶುರುವಾಯಿತು, ದೋಣಿ ಒಳಗೆ ಹೋಯಿತು. ದವಡೆ ಬಿದ್ದು ಹಲಗೆ ಮುರಿದ ಸದ್ದಿಗೆ ಅತ್ತೆ ಬೆಚ್ಚಿಬಿದ್ದು ಮಗುವಿನ ಕೈಯನ್ನು ಅವುಚಿ ಹಿಡಿದರು.

“ನೋಯ್ತದೆ ಅಜ್ಜೀ,” ಎಂದಳು ಸುಮಿರೆ.

ಅತ್ತೆ ಹಿಡಿತ ಸಡಿಲಿಸಲಿಲ್ಲ.