ಅತ್ತೆಯ ಚಹಾದ ಹರಕೆ

ನಮ್ಮ ಅತ್ತೆ ಗುರುಲಿಂಗವ್ವ ಚಹಾ ಬಿಟ್ಟು ಎರಡು ವರ್ಷವಾಗಿತ್ತು. ಬಾದಾಮಿಯ ಬನಶಂಕರಿಯ ಮುಂದೆ ನಿಂತು, "ನಮ್ಮ ಸೊಸಿ ದಾನೇಶ್ವರಿ ಇನ್ನೊಂದು ಕೂಸಿಗೆ ಬಸುರಾಗೂತನಕ ಚಹಾ ಮುಟ್ಟಂಗಿಲ್ಲ ತಾಯಿ" ಎಂದು ಹರಕೆ ಹೊತ್ತುಬಿಟ್ಟಿದ್ದಳು. ಹೊತ್ತವಳು ಅವಳು, ಅನುಭವಿಸಿದವರು ನಾವು. ಚಹಾ ಇಲ್ಲದ ಅತ್ತೆಗೆ ಬೆಳಗ್ಗೆ ಎದ್ದರೆ ಮಗ್ಗದ ಸಪ್ಪಳ ಕೇಳಿದರೂ ಸಿಟ್ಟು, ಕೇಳದಿದ್ದರೂ ಸಿಟ್ಟು.

ಕೂಸು ಎಲ್ಲಿಂದ ಬರಬೇಕು? ಮಗಳು ಹುಟ್ಟಿದಾಗ ರಕ್ತ ಹೋಗಿ ನಾನು ಸಾಯುವುದೊಂದು ಬಾಕಿ ಇತ್ತು. ಮೈ ಸುಧಾರಿಸುವ ತನಕ ಬಸಿರು ಬೇಡವೆಂದು ನಾನೂ ಗಂಡ ಶ್ರೀಶೈಲನೂ ಮಾತಾಡಿಕೊಂಡು ಕಾಪರ್-ಟಿ ಹಾಕಿಸಿದ್ದೆವು. ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಬಿಡುತ್ತಿದ್ದಳೇ? ಅವಳು ಹರಕೆ ಹೊತ್ತ ಮೇಲಂತೂ ನನ್ನ ಧೈರ್ಯವೇ ಉಡುಗಿಹೋಯಿತು. ಗೊತ್ತಾದರೆ ಈ ಜನ್ಮದಲ್ಲಿ ನನ್ನ ಜೊತೆ ಮಾತಾಡಲಿಕ್ಕಿಲ್ಲ ಎಂದು ಹೆದರಿಕೆ.

ಈಗ ಮೈ ಗಟ್ಟಿಯಾಗಿತ್ತು, ನನಗೂ ಇನ್ನೊಂದು ಕೂಸು ಬೇಕೆನ್ನಿಸಿತ್ತು. ಸದ್ದಿಲ್ಲದೆ ತೆಗೆಸಿಕೊಂಡು ಬಂದರಾಯಿತೆಂದು, ನಮ್ಮ ಇಳಕಲ್ಲಿನ ದವಾಖಾನೆ ಬಿಟ್ಟು ಹುನಗುಂದಕ್ಕೆ ಹೊರಟೆ.

"ಯಾಕ?" ಎಂದಳು ಅತ್ತೆ.

"ಲೇಡಿ ಡಾಕ್ಟರಿಗೆ ತೋರಿಸಬೇಕ್ರಿ."

ಅಷ್ಟೇ ಸಾಕಾಯಿತು. ನನ್ನ ಹೊಟ್ಟೆ ನೋಡಿದಳು, ಮುಖ ಅರಳಿತು. ಒಳಗೆ ಹೋದವಳು ಹೊಸ ಸೀರೆ ಉಟ್ಟುಕೊಂಡೇ ಬಂದಳು.

"ನಾನೂ ಬರ್ತೇನಿ."

"ಬಿಸಿಲಾಗ ನೀವ್ಯಾಕ್ರಿ ಅತ್ತಿ?"

"ಸುಮ್ಮನ ನಡಿ. ನನಗ ತಿಳೀದೇನ?"

ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಮೂಗು ಅರಳಿಸಿ ನಿಂತು, "ಡಾಕ್ಟರ್ ಬಾಯಿಂದ ಖಾತ್ರಿಯಾಗ್ಲಿ. ಬರೂವಾಗ ಕುಡಿಯೂಣಂತ" ಎಂದಳು. ಅವಳ ಕೈ ಹಿಡಿದು ಬಸ್ಸಿಗೆ ಹತ್ತಿಸಿದೆ.

ದವಾಖಾನೆಯ ಬೆಂಚಿನ ತುಂಬ ಹೆಂಗಸರು. ಅತ್ತೆ ಪಕ್ಕದವಳಿಗೆ ಮೊಮ್ಮಗುವಿನ ಹೆಸರು ಏನಿಡಬೇಕೆಂದು ಹೇಳುವಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ಕೂಗಿದಳು. "ಕಾಪರ್-ಟಿ ತಗಸವ್ರು ಯಾರ್ರೀ? ಒಳಗ ಬರ್ರಿ!"

"ನಮ್ಮಾಕಿ ಅಲ್ರಿ. ನಮ್ಮಾಕಿ ಬಸುರಿ ಅದಾಳ!" ಎಂದಳು ಅತ್ತೆ, ಎಲ್ಲರಿಗೂ ಕೇಳುವ ಹಾಗೆ.

ನಾನು ಎದ್ದು ನಿಂತೆ.

"ಕೂಡ್ರ ದಾನವ್ವಾ, ನಿನ್ನ ಕರದಿಲ್ಲ."

"ನನ್ನನ್ನೇ ಕರದಾರ್ರಿ ಅತ್ತಿ."

ಅವಳ ಮುಖ ನೋಡಲಾರದೆ ಒಳಗೆ ಓಡಿದೆ.

ಡಾಕ್ಟರ್ ಫರಹಾನಾ, "ಒಮ್ಮೆ ಕೆಮ್ಮರಿ" ಎಂದರು. ಕೆಮ್ಮಿದೆ. ಚುಳ್ಳೆಂದಿತು. "ಆತು, ಏಳ್ರಿ" ಎಂದರು. ಚಿಮಟದ ತುದಿಯಲ್ಲಿ ದಾರದ ಬಾಲವಿದ್ದ ಚೂರೊಂದು ನೇತಾಡುತ್ತಿತ್ತು. ಅಯ್ಯ, ಇಷ್ಟಕ್ಕೇ ನಮ್ಮತ್ತೆಯ ಚಹಾ ನಿಂತಿತ್ತಾ ಎಂದು ನಗು ಬಂತು. ಹೊರಗೆ ಬಂದು ನೋಡಿದರೆ ಬೆಂಚಿನ ಮೇಲೆ ಅತ್ತೆ ಇರಲಿಲ್ಲ.

ಒಬ್ಬಳೇ ಬಸ್ಸು ಹತ್ತಿಬಿಟ್ಟಳೇನೋ ಎಂದು ಗಾಬರಿಯಿಂದ ರಸ್ತೆಗೆ ಓಡಿದೆ. ಎದುರಿನ ಚಹಾದಂಗಡಿಯಲ್ಲಿ ಎರಡು ಕಪ್ಪು ಮುಂದಿಟ್ಟುಕೊಂಡು ಕೂತಿದ್ದಳು.

"ಹರಕಿ ಮುರದ್ರೇನ್ರಿ?"

"ಯಾವ ಹರಕಿ? ಅಗಳಿ ಹಾಕಿದ ಬಾಗ್ಲ ಮುಂದ ಎರಡು ವರ್ಷ ನಿಂತಾಳ ಆ ಬನಶಂಕರಿ ತಾಯಿ, ಪಾಪ! ನನಗೊಂದು ಮಾತು ಹೇಳಿದ್ರ ಬ್ಯಾಡ ಅಂತಿದ್ದೆನೇನ?"

"ಅಂತಿದ್ರಿ."

ಅತ್ತೆ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. "ಹೌದ, ಅಂತಿದ್ದೆ" ಎಂದಳು. "ಹಡದಾಗ ನಿನ್ನ ಮಾರಿ ಬಿಳಿ ಬಟ್ಟಿ ಹಂಗಾಗಿತ್ತು. ನಾ ಮೊಮ್ಮಗ ಬೇಕು ಅಂತ ಬೇಡಿದೆ. ಸೊಸಿ ಉಳದಾಳ ಅಂತ ಒಮ್ಮೆನೂ ಕೈ ಮುಗಿಲಿಲ್ಲ ನೋಡು."

ನನಗೆ ಅಳು ಒತ್ತರಿಸಿ ಬಂತು. ಏನು ಮಾಡಬೇಕೋ ತೋಚದೆ ಇನ್ನೊಂದು ಕಪ್ಪಿಗೆ ಕೈ ಚಾಚಿದೆ. ಟಪ್ಪನೆ ಕೈಗೆ ಹೊಡೆದಳು.

"ಮುಟ್ಟಬ್ಯಾಡ! ಎರಡೂ ನನ್ನವು. ಇನ್ನ ಹರಕಿ ಹೊರೂ ಪಾಳಿ ನಿಂದು. ಕೂಸಿನ ಸುದ್ದಿ ಬರೂತನಕ ನಿನಗ ಚಹಾ ಇಲ್ಲ."

ಆಮೇಲೆ ಅಂಗಡಿಯವನ ಕಡೆ ತಿರುಗಿ, "ನಮ್ಮ ಸೊಸಿಗೆ ಒಂದು ಬಿಸಿ ಹಾಲು ಕೊಡೋ ಯಪ್ಪಾ, ಸಕ್ರಿ ಜಾಸ್ತಿ ಹಾಕು" ಎಂದು ಕೂಗಿದಳು.